ಕಬ್ಬಿಣದ ಮುಖದ ಗೆರೆಗಳು

೧೯೮೦ರಲ್ಲಿ ನಾನು ಓದು ನಿಲ್ಲಿಸಿದೆ, ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ. ಯಾರೂ ಬಿಡಿಸಲಿಲ್ಲ. ಮನೆಯಲ್ಲಿ ಊಟಕ್ಕೆ ಕೊರತೆಯೂ ಇರಲಿಲ್ಲ. ಕಗ್ಗದಾಸಪುರ ಆಗ ಹಳ್ಳಿ. ಅಪ್ಪ ಸೊಪ್ಪು, ಮೂಲಂಗಿ ಬೆಳೆದು ರಸೆಲ್ ಮಾರುಕಟ್ಟೆಗೆ ಹಾಕುತ್ತಿದ್ದರು. ಕಟ್ಟು ಇಳಿಸುವುದಕ್ಕೆ ನಾನೂ ಜೊತೆಗೆ ಹೋಗುತ್ತಿದ್ದೆ. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಕಿಟಕಿಯೊಳಗೆ ಒಬ್ಬರು ಗಾಜಿನ ಮೇಜಿನ ಮುಂದೆ ಕೂತು, ಗಾಜಿನ ಕೆಳಗಿಂದ ಬರುವ ಬೆಳಕಿನಲ್ಲಿ, ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿದ್ದರು. ನಿಂತು ನೋಡಿದೆ. ಮಾರನೇ ದಿನವೂ ನಿಂತು ನೋಡಿದೆ. ಆಮೇಲೆ ಒಳಗೇ ಹೋದೆ. ಶಾಲೆಯಲ್ಲಿ ನನಗೆ ಏನೂ ಬರುತ್ತಿರಲಿಲ್ಲ, ಇಲ್ಲಿ ಬರುತ್ತಿತ್ತು. ಬರುವ ಕೆಲಸ ಬಿಟ್ಟು ಬಾರದ ಲೆಕ್ಕದ ಮುಂದೆ ಕೂರುವುದು ನನ್ನ ಸ್ವಭಾವವಲ್ಲ.

ಆ ಕೆಲಸಕ್ಕೆ ರೀಟಚಿಂಗ್ ಎನ್ನುತ್ತಿದ್ದರು. ಈಗಿನವರಿಗೆ ಗೊತ್ತಿರಲಾರದು, ಹೇಳುತ್ತೇನೆ. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಮುಖದ ಮೇಲಿನ ಮೊಡವೆ ಫೋಟೋದಲ್ಲಿ ಕಪ್ಪಗೆ ಬಂದರೆ ನೆಗೆಟಿವ್‌ನಲ್ಲಿ ಅದು ತೆಳ್ಳಗೆ, ಬೆಳಕು ಹಾಯುವ ಹಾಗೆ ಇರುತ್ತದೆ. ಅಲ್ಲಿ ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲ್‌ನಿಂದ ತುಂಬಬೇಕು. ಫೋಟೋದಲ್ಲಿ ಬಿಳಿ ಕಲೆ ಬರುತ್ತದೆ ಎಂದರೆ ನೆಗೆಟಿವ್‌ನಲ್ಲಿ ಅದು ಕಪ್ಪು. ಅದನ್ನು ಸಣ್ಣ ಚಾಕುವಿನ ತುದಿಯಿಂದ, ಉಸಿರು ಬಿಗಿಹಿಡಿದು, ಕೆರೆದು ತೆಗೆಯಬೇಕು. ಪೆನ್ಸಿಲ್ ತಪ್ಪಿದರೆ ಟರ್ಪಂಟೈನ್ ಹಾಕಿ ಒರೆಸಿದರೆ ಹೋಗುತ್ತದೆ. ಚಾಕು ತಪ್ಪಿದರೆ ಹೋದದ್ದು ಹೋಯಿತು.

ಸ್ಟುಡಿಯೋ ಮಾಲೀಕರನ್ನು ಎಲ್ಲರೂ ಭಾಯ್ ಎನ್ನುತ್ತಿದ್ದೆವು. ಅವರು ನನಗೆ ಕಲಿಸಿದ್ದು ಒಂದೇ ಮಾತಿನಲ್ಲಿ.

"ದಾಗ್ ನಕ್ಕೋ ರೇ. ಮೂತಿ ಮೇಲೆ ದಾಗ್ ಇದ್ರೆ ಹುಡುಗೀಗೆ ಮದ್ವೆ ಆಗಲ್ಲ. ಹುಡುಗೀಗೆ ಮದ್ವೆ ಆಗ್ಲಿಲ್ಲ ಅಂದ್ರೆ ಮದ್ವೆ ಫೋಟೋ ಯಾರು ತೆಗೆಸ್ತಾರೆ?"

ಕಲೆಯೊಂದೂ ಉಳಿಯಬಾರದು. ಗಿರಾಕಿಯನ್ನು ಕೇಳುವ ಪ್ರಶ್ನೆಯೇ ಇಲ್ಲ. ನಿಮ್ಮ ಮಗಳ ಮುಖದ ಮೊಡವೆ ತೆಗೆಯಲಾ ಎಂದು ಯಾರಾದರೂ ಕೇಳುತ್ತಾರೆಯೇ? ತೆಗೆದುಬಿಡುವುದು. ಶಿವಾಜಿನಗರ, ಹಲಸೂರು, ಫ್ರೇಜರ್ ಟೌನ್ ಕಡೆಯ ಎಷ್ಟೋ ಹೆಣ್ಣುಮಕ್ಕಳು ನನ್ನ ಪೆನ್ಸಿಲ್ ಕೆಳಗೆ ಹಾದು ಗಂಡನ ಮನೆ ಸೇರಿದ್ದಾರೆ. ಅವರ ಗಂಡಂದಿರು ಆಮೇಲೆ ಏನೆಂದುಕೊಂಡರೋ, ಅದು ನನ್ನ ಕೆಲಸಕ್ಕೆ ಸೇರಿದ್ದಲ್ಲ. ಆ ಭಾಗದಲ್ಲಿ ನನ್ನಷ್ಟು ನಯವಾಗಿ ಚಾಕು ಆಡಿಸುವವರು ಇನ್ನೊಬ್ಬರಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಹೇಳಬೇಕಾಗಿದ್ದ ಭಾಯ್ ಈಗಿಲ್ಲ.

ಆಮೇಲೆ ಕಲರ್ ಬಂತು. ಕಲರ್ ನೆಗೆಟಿವ್ ಹೆಬ್ಬೆರಳಷ್ಟು ಚಿಕ್ಕದು, ಅದರ ಮೇಲೆ ಪೆನ್ಸಿಲ್ ಇಡಲು ಜಾಗವಿಲ್ಲ. ಮೊಡವೆಗಳೆಲ್ಲ ಮೊಡವೆಗಳಾಗಿಯೇ ಮೆಷೀನಿನಿಂದ ಹೊರಗೆ ಬರತೊಡಗಿದವು, ಜನ ಅದಕ್ಕೂ ಒಗ್ಗಿಕೊಂಡರು. ನನಗೆ ಪಾಸ್‌ಪೋರ್ಟ್ ಫೋಟೋ ಕತ್ತರಿಸುವ ಕೆಲಸ ಉಳಿಯಿತು. ಭಾಯ್ ಅಂಗಡಿಗೆ ಬರುತ್ತಿದ್ದ ಒಬ್ಬರ ಮೂಲಕ, ನಮ್ಮ ಊರಿಗೆ ಹತ್ತಿರದಲ್ಲೇ ಇದ್ದ ಒಂದು ಪ್ರಯೋಗಾಲಯದಲ್ಲಿ ಡಾರ್ಕ್‌ರೂಮಿಗೆ ಆಳು ಬೇಕಾಗಿದೆ ಎಂದು ತಿಳಿಯಿತು. ಲೋಹಗಳನ್ನು ಪರೀಕ್ಷಿಸುವ ಜಾಗ. ಅಲ್ಲಿನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೆಗೆದ ಚಿತ್ರಗಳನ್ನು ತೊಳೆದು ಪ್ರಿಂಟ್ ಹಾಕಿ ಕೊಡಬೇಕು. ಕಾಂಟ್ರ್ಯಾಕ್ಟ್ ಕೆಲಸ. ಎಸ್ಸೆಸ್ಸೆಲ್ಸಿ ಕೇಳಿದರು. ಇಲ್ಲ ಎಂದು ಹೇಳಿ ಒಂದು ಪ್ರಿಂಟ್ ಹಾಕಿ ತೋರಿಸಿದೆ. ಮಾರನೇ ದಿನದಿಂದ ಬರಲು ಹೇಳಿದರು.

ಸೂಕ್ಷ್ಮದರ್ಶಕ ಎಂದರೆ ಮೇಜಿನ ಮೇಲೆ ಇಟ್ಟು ಬಗ್ಗಿ ನೋಡುವಂಥದ್ದಲ್ಲ. ಆಳೆತ್ತರಕ್ಕಿಂತ ಎತ್ತರದ ಕಂಬ, ಬುಡದಲ್ಲಿ ಒಂದು ಕಿಟಕಿ, ಕಿಟಕಿಯೊಳಗೆ ಹಸಿರಾಗಿ ಹೊಳೆಯುವ ತಟ್ಟೆ. ಮೇಲಿಂದ ಎಲೆಕ್ಟ್ರಾನ್ ಇಳಿದು, ಕಾಗದಕ್ಕಿಂತ ಎಷ್ಟೋ ಪಾಲು ತೆಳುವಾದ ಲೋಹದ ಮೂಲಕ ಹಾಯ್ದು ಆ ತಟ್ಟೆಯ ಮೇಲೆ ಚಿತ್ರವಾಗುತ್ತದೆ. ತಟ್ಟೆ ಎತ್ತಿದರೆ ಅದೇ ಚಿತ್ರ ಕೆಳಗಿನ ನೆಗೆಟಿವ್ ಮೇಲೆ ಬೀಳುತ್ತದೆ. ನೆಗೆಟಿವ್ ಅಂಗೈಯಗಲ. ಅಷ್ಟು ದೊಡ್ಡ ಕಪ್ಪುಬಿಳುಪು ನೆಗೆಟಿವ್ ಕೈಗೆ ಸಿಗದೆ ಬಹಳ ದಿನವಾಗಿತ್ತು. ಮೊದಲ ದಿನ ಅದನ್ನು ಬೆಳಕಿಗೆ ಹಿಡಿದಾಗ, ಬಿಟ್ಟುಬಂದಿದ್ದ ಮನೆಗೆ ಮತ್ತೆ ಕರೆದಂತಾಯಿತು.

ನಾಲ್ಕೈದು ವರ್ಷ ಹಾಗೇ ನಡೆಯಿತು. ಚಿತ್ರಗಳೆಲ್ಲ ಒಂದೇ ಥರ, ಒಡೆದ ಹಂಚನ್ನು ಜೋಡಿಸಿಟ್ಟ ಹಾಗೆ. ಪ್ರಿಂಟಿನ ಮೇಲೆ ಧೂಳಿನ ಬಿಳಿ ಚುಕ್ಕೆ ಬಿದ್ದರೆ ಬ್ರಶ್ಶಿನಿಂದ ಮುಚ್ಚಿ ಕೊಡುತ್ತಿದ್ದೆ. "ಪ್ರಿಂಟ್ ಅಂದ್ರೆ ಇದಪ್ಪಾ" ಎನ್ನುತ್ತಿದ್ದರು. ಯಾರೂ ಬೇಡ ಎನ್ನಲಿಲ್ಲ. ಇದನ್ನು ನೆನಪಿನಲ್ಲಿಡಬೇಕು.

ಮೇಡಂ ಬಂದದ್ದು ಆಗ. ಗದಗದ ಕಡೆಯವರು, ಡಾಕ್ಟರೇಟ್ ಮಾಡಲು ಬಂದಿದ್ದರು. ಕಮ್ಮನಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಎರಡು ಬಸ್ ಬದಲಾಯಿಸಿ ಬರುತ್ತಿದ್ದರು. ನನ್ನನ್ನು ಅಣ್ಣಾರ ಎಂದು ಕರೆಯುತ್ತಿದ್ದರು. ಮಿಕ್ಕವರಿಗೆ ನಾನು ಡಾರ್ಕ್‌ರೂಮ್. "ಡಾರ್ಕ್‌ರೂಮನ್ನ ಕರೀರಿ" ಎಂದರೆ ನಾನು ಹೋಗುತ್ತಿದ್ದೆ.

ಮೇಡಂ ಕೆಲಸ ಅಯಸ್ಕಾಂತದ್ದು. ನಿಕ್ಕಲ್ಲು ಕಬ್ಬಿಣ ಬೆರೆಸಿ, ಗಾಜಿನ ಮೇಲೆ ಹಬೆಯ ಹಾಗೆ ಕೂರಿಸಿ ತೆಳುವಾದ ಪೊರೆ ಮಾಡುತ್ತಿದ್ದರು. ಆ ಪೊರೆಯನ್ನು ನೀರಿನಲ್ಲಿ ತೇಲಿಸಿ, ಬಟ್ಟೆಯ ಗುಂಡಿಗಿಂತ ಚಿಕ್ಕದಾದ ತಾಮ್ರದ ಜಾಲರಿಯ ಮೇಲೆ ಹಿಡಿದು ಕಂಬದೊಳಗೆ ಇಡಬೇಕು. ಅದರೊಳಗೆ ಏನನ್ನೋ ನೋಡಬೇಕಿತ್ತಂತೆ. ಏನೆಂದು ನಾನು ಕೇಳಲಿಲ್ಲ. ನನ್ನ ಕೆಲಸ ಬಾಗಿಲು ಮುಚ್ಚಿದ ಮೇಲೆ ಶುರುವಾಗುತ್ತದೆ.

ಅವರ ಮಾರ್ಗದರ್ಶಕರೇ ನಮ್ಮ ವಿಭಾಗಕ್ಕೆ ಮುಖ್ಯಸ್ಥರು. ದೊಡ್ಡ ಸಾರ್ ಎನ್ನುತ್ತಿದ್ದೆವು. ಈ ಹಳೇ ಮೆಷೀನಿನಲ್ಲಿ ಅದೆಲ್ಲ ಕಾಣುವುದಿಲ್ಲ ಎನ್ನುವುದು ಅವರ ಅಭಿಪ್ರಾಯ. ಸೋಮವಾರ ಕಮಿಟಿ ಕೂರುವುದಿತ್ತು. ಅಷ್ಟರಲ್ಲಿ ಫೋಟೋ ತೋರಿಸಿದರೆ ಮೇಡಂ ತಮ್ಮ ವಿಷಯದಲ್ಲೇ ಮುಂದುವರಿಯಬಹುದು. ಇಲ್ಲದಿದ್ದರೆ ಆವರೆಗಿನ ಎರಡು ವರ್ಷ ಮಡಚಿಟ್ಟು ಬೇರೆ ಯಾವುದಾದರೂ ವಿಷಯ ಹಿಡಿಯಬೇಕು. ಇದು ಎಲ್ಲರಿಗೂ ಗೊತ್ತಿತ್ತು, ಕ್ಯಾಂಟೀನಿನಲ್ಲಿ ಟೀ ಹಾಕುವವನಿಗೂ ಗೊತ್ತಿತ್ತು.

ಬುಧವಾರ ಮೇಡಂ ಓಡಿಬಂದು ನೆಗೆಟಿವ್‌ಗಳ ಡಬ್ಬಿ ನನ್ನ ಕೈಗಿಟ್ಟರು. ಮುಖ ಬೆಳಗುತ್ತಿತ್ತು.

"ಅಣ್ಣಾರ, ಸಿಕ್ಕೈತ್ರೀ! ಕಮಿಟಿ ಮುಂದ ಇಡೂದೈತಿ, ಭಾಳ ಚಲೋ ಬರಬೇಕು ನೋಡ್ರಿ. ನಿಮ್ಮ ಕೈಯಾಗೈತಿ ಎಲ್ಲಾ."

"ನನ್ನ ಕೈಲಿದೆ ಅಂದ್ಮೇಲೆ ಬಿಡಿ ಮೇಡಂ" ಎಂದೆ.

ತೊಳೆದೆ. ಬೆಳಕಿಗೆ ಹಿಡಿದೆ. ಒಂದೂ ಫೋಕಸ್ ಇಲ್ಲ. ಎಲ್ಲವೂ ಕಣ್ಣಿಗೆ ನೀರು ಬಂದಾಗ ಕಂಡ ಹಾಗೆ ಮಬ್ಬು. ಅದರ ಮೇಲೆ ಉದ್ದುದ್ದ ಗೆರೆಗಳು. ಒಂದು ಕಪ್ಪು, ಪಕ್ಕದಲ್ಲಿ ಒಂದು ಬಿಳಿ, ಮತ್ತೆ ಕಪ್ಪು, ಮತ್ತೆ ಬಿಳಿ, ಬಸ್ಸಿನ ಸೀಟಿನ ಮೇಲೆ ಯಾರೋ ಬ್ಲೇಡ್ ಎಳೆದ ಹಾಗೆ. ಓರೆಯಾಗಿ ಹಿಡಿದು ನೋಡಿದೆ. ಕೈಗೆ ಸಿಗುವ ಗೀರು ಯಾವುದೂ ಇರಲಿಲ್ಲ. ನೆಗೆಟಿವ್ ಸ್ಟಾಕ್ ಹಳೆಯದು, ಒಳಗೇ ಮಡಿಕೆ ಬಿದ್ದಿದೆ ಎಂದುಕೊಂಡೆ. ಪಾಪ, ಹೆಣ್ಣುಮಗಳು, ಖುಷಿಯಲ್ಲಿ ಫೋಕಸ್ ಮಾಡುವುದನ್ನೂ ಮರೆತಿದ್ದಾರೆ. ಮಬ್ಬನ್ನು ನಾನು ಸರಿಮಾಡಲಾರೆ. ಗೆರೆಗಳನ್ನು ಸರಿಮಾಡಬಲ್ಲೆ.

ಮಾರನೇ ದಿನ ಮನೆಯಿಂದ ನನ್ನ ಹಳೆಯ ಚಾಕು, ಪೆನ್ಸಿಲ್ ತಂದೆ. ಬೆಳಕಿನ ಡಬ್ಬಿಯ ಮೇಲೆ ಗಾಜಿಟ್ಟು ಕೂತೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಊಟಕ್ಕೂ ಏಳಲಿಲ್ಲ. ತೆಳ್ಳಗಿದ್ದ ಗೆರೆಗಳನ್ನು ಪೆನ್ಸಿಲ್‌ನಿಂದ ತುಂಬಿದೆ, ಕಪ್ಪಾಗಿದ್ದವನ್ನು ಚಾಕುವಿನಿಂದ ಕೆರೆದೆ. ಇಷ್ಟು ವರ್ಷದ ಮೇಲೂ ಕೈ ನಡುಗಲಿಲ್ಲ. ಪ್ರಿಂಟ್ ಹಾಕಿದಾಗ ಗೆರೆಯ ಗುರುತೂ ಇರಲಿಲ್ಲ. ಬೂದು ಬಣ್ಣದ, ಮುಂಜಾನೆಯ ಮಂಜಿನಂಥ ನುಣುಪಾದ ಹಾಳೆ. ಮದುವೆ ಹುಡುಗಿಯ ಕೆನ್ನೆ.

ಶುಕ್ರವಾರ ಬೆಳಿಗ್ಗೆ ಮೇಡಂಗೆ ಕೊಟ್ಟೆ. ಅವರು ಒಂದೊಂದಾಗಿ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು.

"ಇವು ನನ್ನೂವಲ್ಲ ಬಿಡ್ರೀ ಅಣ್ಣಾರ. ಯಾರದೋ ಅದಲುಬದಲಾಗ್ಯಾವ."

"ನಿಮ್ದೇ ಮೇಡಂ. ನಂಬರ್ ನೋಡಿ."

"ಹಂಗಾರ ಗೆರಿ ಎಲ್ಲಿ ಹೋದ್ವು?"

"ಎಲ್ಲಾ ತೆಗೆದ್ಬಿಟ್ಟಿದೀನಿ" ಎಂದೆ. "ಒಂದೂ ಉಳಿಸಿಲ್ಲ. ಕಮಿಟಿಯೋರು ಭೂತಗನ್ನಡಿ ಹಾಕ್ಕೊಂಡು ಹುಡುಕಿದ್ರೂ ಸಿಗಲ್ಲ."

ಮೇಡಂ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. ಅಳಲಿಲ್ಲ, ಕೂಗಲಿಲ್ಲ. ಪ್ರಿಂಟ್‌ಗಳನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಹೇಳಿದರು:

"ಅಣ್ಣಾರ, ಆ ಗೆರೀನ ನೋಡಾಕ ನಾನು ಎರಡು ವರ್ಷದಿಂದ ಕುಂತೀನ್ರೀ."

ಮೊದಲು ನನಗೆ ಬಂದದ್ದು ಸಿಟ್ಟು. ಅಷ್ಟು ಒಳ್ಳೆಯ ಕೆಲಸಕ್ಕೆ ಇದೇನು ಮಾತು ಎಂದು. ಗೆರೆ ನೋಡಲು ಯಾರಾದರೂ ಕೂರುತ್ತಾರೆಯೇ?

ಟರ್ಪಂಟೈನ್ ಹಾಕಿ ಪೆನ್ಸಿಲ್ ಒರೆಸಿದೆ. ಅರ್ಧ ಗೆರೆಗಳು ವಾಪಸ್ಸು ಬಂದವು. ಚಾಕು ತಗುಲಿದ ಅರ್ಧ ಬರಲಿಲ್ಲ. ಅಷ್ಟರಲ್ಲಿ ದೊಡ್ಡ ಸಾರ್ ಒಳಗೆ ಬಂದರು. ಮೇಡಂ ನಡೆದದ್ದನ್ನು ನನ್ನ ಮುಂದೆಯೇ ಹೇಳಿದರು, ಹೆಚ್ಚಿಲ್ಲ, ಕಡಿಮೆಯಿಲ್ಲ. ಸಾರ್ ನೆಗೆಟಿವ್ ಒಂದನ್ನು ಕಿಟಕಿಗೆ ಹಿಡಿದು ನೋಡಿದರು.

"ಏನಯ್ಯಾ ಇದು? ಇದೇನು ಬ್ಯೂಟಿ ಪಾರ್ಲರ್ರಾ?"

"ಇಲ್ಲ ಸಾರ್."

"ಇದ್ದಿದ್ದನ್ನ ಅಳಿಸಕ್ಕೆ ಬರುತ್ತೆ ಅಂದ್ಮೇಲೆ, ಇಲ್ಲದ್ದನ್ನ ಬರೆಯಕ್ಕೂ ಬರುತ್ತೆ ತಾನೆ ನಿನಗೆ?"

"ಬರುತ್ತೆ ಸಾರ್" ಎಂದೆ. ಬರುತ್ತಿತ್ತು. ಹುಬ್ಬಿಲ್ಲದವರಿಗೆ ಹುಬ್ಬು ಬರೆದಿದ್ದೇನೆ. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಅದು ಮೇಡಂಗೆ ಎಷ್ಟು ದೊಡ್ಡ ಪೆಟ್ಟು ಎಂದು ಆಗ ಹೊಳೆಯಲಿಲ್ಲ.

ಸಾರ್ ಮೇಡಂ ಕಡೆ ತಿರುಗಿದರು. "ಕೇಳಿದೆಯಲ್ಲಮ್ಮ. ಇನ್ನು ಈ ಡಾರ್ಕ್‌ರೂಮಿಂದ ಏನು ಬಂದ್ರೂ ಕಮಿಟಿ ಹೇಗೆ ನಂಬುತ್ತೆ? ನಾನೇ ನಂಬಲ್ಲ."

ಮೇಡಂ ಮತ್ತೊಮ್ಮೆ ತೆಗೆಯುತ್ತೇನೆ ಎಂದರು. ಪೊರೆಯ ಇನ್ನೊಂದು ಜಾಲರಿ ಉಳಿದಿತ್ತು, ಒಂದೇ ಒಂದು. ಮಧ್ಯಾಹ್ನ ಮೆಷೀನ್ ಖಾಲಿ ಇತ್ತು. ಸಾರ್ ಒಪ್ಪಿದರು, ಷರತ್ತಿನ ಮೇಲೆ. ನೆಗೆಟಿವ್ ತೊಳೆಯುವಾಗ ಅವರು ಪಕ್ಕದಲ್ಲೇ ನಿಲ್ಲುತ್ತಾರೆ. ನನ್ನ ಚಾಕು, ಪೆನ್ಸಿಲ್, ಬ್ರಶ್ಶು ಎಲ್ಲವೂ ಅವರ ವಶಕ್ಕೆ. ಒಂದು ಕಂದು ಲಕೋಟೆಯಲ್ಲಿ ಹಾಕಿಸಿ, ಅಂಟಿಸಿ, ಮೇಲೆ ಸಹಿ ಮಾಡಿದರು. ಪೊಲೀಸರು ಕೊಲೆ ಮಾಡಿದ ಚಾಕುವನ್ನು ಹಾಗೆ ಇಡುತ್ತಾರೆ ಎಂದು ಕೇಳಿದ್ದೆ.

ಊಟಕ್ಕೆ ಮನೆಗೆ ಹೋದೆ. ಹೆಂಡತಿಗೆ ಹೇಳಿದೆ. ಅವಳು ಸಾರು ಬಡಿಸುತ್ತಾ ಕೇಳಿದಳು:

"ಅಂದ್ರೆ ಕಬ್ಬಿಣಕ್ಕೂ ಪೌಡರ್ ಬಳಿದ್ಬಿಟ್ರಾ?"

"ಸುಮ್ನಿರೇ."

"ಮದ್ವೆಗೆ ಮುಂಚೆ ನನ್ನ ಫೋಟೋಗೂ ಹಿಂಗೇ ಮಾಡಿದ್ರಿ. ಇಲ್ಲಿದ್ದ ಮಚ್ಚೆ ಮಾಯ. ನಮ್ಮತ್ತೆ ಇವತ್ತಿಗೂ ಅವಳೇ ಬೇರೆ ಇವಳೇ ಬೇರೆ ಅಂತಾರೆ. ಕೆಲಸ ಉಳಿಯುತ್ತೇನ್ರೀ?"

ಗೊತ್ತಿರಲಿಲ್ಲ. ಆದರೆ ಊಟ ಮುಗಿಯುವ ಹೊತ್ತಿಗೆ ನನ್ನನ್ನು ಕೊರೆಯುತ್ತಿದ್ದದ್ದು ನನ್ನ ಕೆಲಸವಲ್ಲ. ಮೇಡಂ ಸ್ಟೂಲಿನ ಮೇಲೆ ಕೂತ ರೀತಿ.

ಮಧ್ಯಾಹ್ನ ಮೇಡಂ ನನ್ನನ್ನು ಮೆಷೀನ್ ಕೋಣೆಗೆ ಕರೆದರು. ಅಷ್ಟು ವರ್ಷದಲ್ಲಿ ನಾನು ಆ ಕಿಟಕಿಯೊಳಗೆ ಬಗ್ಗಿ ನೋಡಿರಲಿಲ್ಲ. ಯಾರೂ ಕರೆದಿರಲಿಲ್ಲ, ಕರೆಯದೆ ಹೋಗುವವನು ನಾನಲ್ಲ.

"ಬರ್ರಿ, ಕುಂದರ್ರಿ. ಏನು ಅಳಿಸೀರಿ ಅಂತ ನೀವೂ ನೋಡ್ರಿ."

ಹಸಿರು ತಟ್ಟೆಯ ಮೇಲೆ ಲೋಹ ಸ್ಫುಟವಾಗಿ ಕಾಣುತ್ತಿತ್ತು. ಒಂದು ಗೆರೆಯೂ ಇರಲಿಲ್ಲ. ಮೇಡಂ ಒಂದು ಗುಂಡಿ ತಿರುಗಿಸಿದರು. ಚಿತ್ರ ಕೆಟ್ಟುಹೋಯಿತು.

"ಫೋಕಸ್ ಹೋಯ್ತು ಮೇಡಂ."

"ಹೋಗಬೇಕ್ರೀ. ಈ ಮುಖ್ಯ ಲೆನ್ಸು ಐತಲ್ಲ, ಅದ ಒಂದು ದೊಡ್ಡ ಅಯಸ್ಕಾಂತ. ಅದು ಚಾಲೂ ಇದ್ರ ನನ್ನ ಪೊರಿ ಒಳಗಿಂದೆಲ್ಲಾ ಅಳಿಸಿ ಹಾಕಿಬಿಡ್ತೈತಿ, ನಿಮ್ಮಂಗ. ಅದಕ್ಕ ಅದನ್ನ ಬಂದ್ ಮಾಡಿ, ಬೇಕಂತ ಮಬ್ಬು ಮಾಡಿ ನೋಡಬೇಕು. ಸ್ಫುಟ ಮಾಡಿದ್ರ ಕಾಣೂದಿಲ್ಲ."

ನಿಮ್ಮಂಗ ಎಂದದ್ದು ತಾಗಿತು. ಮಬ್ಬಿನೊಳಗಿಂದ ಗೆರೆಗಳು ಎದ್ದುಬಂದವು, ಕಪ್ಪು, ಬಿಳಿ, ಕಪ್ಪು, ಬಿಳಿ. ನನಗೆ ಒಂದೊಂದೂ ಗುರುತು ಸಿಗುವಂಥವು. ಹಿಂದಿನ ದಿನವಷ್ಟೇ ಇವರ ಅಣ್ಣತಮ್ಮಂದಿರನ್ನು ಕೆರೆದು ಹಾಕಿದ್ದೆ.

"ಅಯಸ್ಕಾಂತ ಅಂದ್ರ ಪೂರಾ ಒಂದ ದಿಕ್ಕಿಗೆ ಎಳೀತೈತಿ ಅಂತ ತಿಳಿದಿರ್ತೀವಿ. ಹಂಗಲ್ಲ. ಒಳಗ ತುಂಡು ತುಂಡು ಇರ್ತಾವ. ಡೊಮೇನ್ ಅಂತಾರ. ಈ ತುಂಡಿನ ಮುಖ ಆ ಕಡೆ, ಬಾಜೂದರ ಮುಖ ಈ ಕಡೆ. ಎರಡರ ನಡುವ ಗ್ವಾಡಿ. ಆ ಗ್ವಾಡಿನ ಈ ಗೆರಿ."

"ನಮ್ಮೂರ ಹೊಲ ಸೈಟಾದಂಗೆ?"

"ಹೂಂ ಅನ್ರಿ. ಈಗ ನೋಡ್ರಿ, ಲೆನ್ಸಿಗೆ ಒಂಚೂರು ಕರೆಂಟ್ ಕೊಡ್ತೀನಿ."

ಕೊಟ್ಟರು. ಗೆರೆಗಳು ನಡೆದವು. ಸುಳ್ಳಲ್ಲ, ನಡೆದವು. ಒಂದು ಗೆರೆ ಮೆಲ್ಲನೆ ಸರಿಯಿತು, ಎಲ್ಲೋ ಸಿಕ್ಕಿಕೊಂಡು ನಿಂತಿತು, ಮತ್ತೆ ಒಮ್ಮೆಲೇ ಕಿತ್ತುಕೊಂಡು ಮುಂದೆ ಹಾರಿತು. ಒಂದು ತುಂಡು ಅಗಲವಾಗುತ್ತಾ ಹೋಯಿತು, ಪಕ್ಕದ್ದು ಸಣ್ಣಗಾಗುತ್ತಾ ಹೋಯಿತು. ಗೀರು ನಡೆಯುವುದಿಲ್ಲ. ಇಷ್ಟು ವರ್ಷದಲ್ಲಿ ಎಷ್ಟು ಗೀರು ನೋಡಿದ್ದೇನೋ, ಒಂದೂ ಇದ್ದ ಜಾಗ ಬಿಟ್ಟು ಕದಲಿದ್ದಿಲ್ಲ.

"ಒತ್ತುವರಿ" ಎಂದೆ.

"ಏನ್ರಿ?"

"ಪಕ್ಕದೋರ ಜಾಗ ಒತ್ತುವರಿ ಮಾಡ್ತಾ ಇದೆ ಮೇಡಂ. ಹಿಂಗೇ ಬೇಲಿ ಸರೀತಾ ಹೋಗೋದು. ಸರ್ವೇಯರ್‌ನ ಕರೆಸ್ಬೇಕು ಇದಕ್ಕೆ."

ಮೇಡಂ ನಕ್ಕರು. ಬೆಳಿಗ್ಗೆಯಿಂದ ಮೊದಲ ಬಾರಿ. ನಾನು ನಗಿಸಲು ಹೇಳಿದ್ದಲ್ಲ. ಕಗ್ಗದಾಸಪುರದಲ್ಲಿ ನಮ್ಮ ಮನೆಯ ಹಿಂದಿನ ಗೋಡೆಯ ವಿಷಯದಲ್ಲಿ ನಾವು ಚಿಕ್ಕಪ್ಪನ ಮಕ್ಕಳ ಜೊತೆ ಮಾತು ಬಿಟ್ಟಿದ್ದೆವು.

ಮೇಡಂ ಚಿತ್ರ ತೆಗೆಯಲು ಶುರುಮಾಡಿದರು. ಜೋಡಿ ಜೋಡಿಯಾಗಿ ತೆಗೆಯಬೇಕಂತೆ. ಫೋಕಸ್ಸಿನಿಂದ ಈ ಕಡೆ ಒಂದು, ಆ ಕಡೆ ಒಂದು. ಗೋಡೆಯಾದರೆ ಒಂದರಲ್ಲಿ ಕಪ್ಪಾಗಿದ್ದದ್ದು ಇನ್ನೊಂದರಲ್ಲಿ ಬಿಳಿಯಾಗುತ್ತದೆ. ಬೇರೇನಾದರೂ ಆಗಿದ್ದರೆ ಹಾಗೆ ಬದಲಾಗುವುದಿಲ್ಲ. ಮೊದಲನೆಯದು ತೆಗೆದರು. ಎರಡನೆಯದಕ್ಕೆ ಗುಂಡಿ ತಿರುಗಿಸುವಾಗ ತಟ್ಟೆಯ ಮೇಲೆ ಚಿತ್ರ ನಡುಗಿತು, ಒಂದು ಮೂಲೆಯಿಂದ ಪೊರೆ ಹರಿದು, ಸುರುಳಿ ಸುತ್ತಿಕೊಂಡು ಹೋಯಿತು. ಎಲೆಕ್ಟ್ರಾನ್ ಬಿಸಿಗೆ ಹಾಗಾಗುತ್ತದಂತೆ. ಮೇಡಂ ಕೈ ಗುಂಡಿಯ ಮೇಲೇ ಉಳಿಯಿತು.

ಇನ್ನೊಂದು ಜಾಲರಿ ಇರಲಿಲ್ಲ. ಹೊಸ ಪೊರೆ ಮಾಡಲು ವಾರಗಟ್ಟಲೆ ಬೇಕು. ಒಂದು ನೆಗೆಟಿವ್ ಇತ್ತು. ಸೋಮವಾರ ಇತ್ತು.

ಡಾರ್ಕ್‌ರೂಮಿಗೆ ಮೂವರೂ ಹೋದೆವು. ಅದು ಇಬ್ಬರು ನಿಂತರೆ ತುಂಬುವ ಕೋಣೆ. ದೊಡ್ಡ ಸಾರ್ ನನ್ನ ಭುಜಕ್ಕೆ ಗದ್ದ ತಾಗುವಷ್ಟು ಹತ್ತಿರ ನಿಂತಿದ್ದರು, ಲಕೋಟೆ ಕೋಟಿನ ಜೇಬಿನಲ್ಲಿತ್ತು. ಕೆಂಪು ದೀಪದ ಕೆಳಗೆ ನನ್ನ ಎರಡು ಕೈಯನ್ನೂ ಎತ್ತಿ, ತಿರುಗಿಸಿ ತೋರಿಸಿದೆ. ಮದುವೆಮನೆಯಲ್ಲಿ ಜಾದೂ ಮಾಡುವವರು ತೋರಿಸುತ್ತಾರಲ್ಲ, ಹಾಗೆ. ಸಾರ್ ನಗಲಿಲ್ಲ. ನಾನೂ ನಗಿಸಲು ತೋರಿಸಿರಲಿಲ್ಲ.

ನೆಗೆಟಿವ್ ಡೆವಲಪರ್ ತಟ್ಟೆಗೆ ಬಿಟ್ಟೆ. ತಟ್ಟೆಯನ್ನು ಮೆಲ್ಲಗೆ ತೂಗಿದೆ. ಮೇಡಂ ಉಸಿರಾಡುವುದು ಕೇಳುತ್ತಿತ್ತು. ಮೊದಲು ಮಬ್ಬು ಬಂತು. ಆಮೇಲೆ ಗೆರೆಗಳು, ಒಂದರ ಪಕ್ಕ ಒಂದು. ಚಿತ್ರ ಮಾಸದಂತೆ ಹೈಪೋದಲ್ಲಿ ಅದ್ದಿ, ತೊಳೆದು, ದೀಪ ಹಾಕಿದೆ.

"ಬಂದಾವ" ಎಂದರು ಮೇಡಂ.

ಸಾರ್ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಬಂದಿದೆ ಕಣಮ್ಮ" ಎಂದರು. ಅವರ ದನಿಯಲ್ಲಿ ಸಂತೋಷವಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಕಾಣುವುದಿಲ್ಲ ಎಂದವರು ಕಂಡಾಗ ಹಾಗೆ ಹೇಳಿದ್ದು ನನಗೆ ಹಿಡಿಸಿತು.

ಒಣಗಿದ ಮೇಲೆ ಪ್ರಿಂಟ್ ಹಾಕಿದೆ, ಮತ್ತೆ ಸಾರ್ ಕಾವಲಿನಲ್ಲೇ. ಆಗ ಕಂಡದ್ದು ಇನ್ನೊಂದು ಗೆರೆ. ಉಳಿದವೆಲ್ಲ ಒಂದೇ ಕಡೆ ಮುಖ ಮಾಡಿ ಸಾಲಾಗಿ ನಿಂತಿದ್ದರೆ, ಇದು ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಓರೆಯಾಗಿ, ಎಲ್ಲರನ್ನೂ ದಾಟಿಕೊಂಡು ಹೋಗಿತ್ತು. ಕೂದಲೆಳೆಯಷ್ಟು ಸಣ್ಣದು. ಸಾರ್ ಮುಖ ಗಂಟಿಕ್ಕಿದರು.

"ಇದು ಸ್ಕ್ರ್ಯಾಚು. ಕ್ಲಿಯರ್ ಆಗಿದೆ. ಇದನ್ನ ನೋಡಿದ್ರೆ ಕಮಿಟಿಯೋರು ಉಳಿದಿದ್ದೂ ಸ್ಕ್ರ್ಯಾಚೇ ಅಂತಾರೆ."

ಮೇಡಂ ಬಗ್ಗಿ ನೋಡಿದರು. "ಗ್ವಾಡಿನೂ ಇರಬಹುದ್ರೀ ಸರ್. ಒಮ್ಮೊಮ್ಮೆ ಓರೆ ಇರ್ತಾವ. ಜೋಡಿ ಚಿತ್ರ ಇದ್ದಿದ್ರ ಗೊತ್ತಾಗ್ತಿತ್ತು."

ಜೋಡಿ ಚಿತ್ರ ಸುರುಳಿ ಸುತ್ತಿಕೊಂಡು ಹೋಗಿತ್ತು. ಸಾರ್ ಜೇಬಿನಿಂದ ಲಕೋಟೆ ತೆಗೆದು, ತಾವೇ ಹರಿದು, ಚಾಕುವನ್ನು ನನ್ನ ಮುಂದೆ ಇಟ್ಟರು.

"ಇದೊಂದನ್ನ ತೆಗೆದುಬಿಡು. ಬೇರೆ ಯಾವುದನ್ನೂ ಮುಟ್ಟಬೇಡ. ಇದೊಂದೇ."

ಒಪ್ಪಿಕೊಳ್ಳಬೇಕಾದ್ದು ಒಪ್ಪಿಕೊಳ್ಳಬೇಕು, ನನ್ನ ಕೈ ಮುಂದೆ ಹೋಯಿತು. ಐದು ನಿಮಿಷದ ಕೆಲಸ. ತೆಗೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಸಾರ್ ನನ್ನನ್ನು ಮತ್ತೆ ಕೆಲಸಗಾರ ಎಂದು ಒಪ್ಪಿದಂತೆಯೂ ಆಗುತ್ತಿತ್ತು. ಮೇಡಂ ನನ್ನನ್ನು ನೋಡುತ್ತಿರಲಿಲ್ಲ, ಪ್ರಿಂಟನ್ನೇ ನೋಡುತ್ತಿದ್ದರು. ನಾನು ನೆಗೆಟಿವ್ ಎತ್ತಿ ದೀಪಕ್ಕೆ ಓರೆಯಾಗಿ ಹಿಡಿದೆ. ಮೇಲೆ ಗೀರಿನ ಹೊಳಪಿಲ್ಲ. ತಿರುಗಿಸಿ ಹಿಂಬದಿ ನೋಡಿದೆ. ಅಲ್ಲೂ ಇಲ್ಲ. ಒಳಗಿನ ಮಡಿಕೆಯಿರಬಹುದು. ಬುಧವಾರದ ನೆಗೆಟಿವ್‌ಗಳಲ್ಲೂ ನಾನು ಹೀಗೇ ನೋಡಿ, ಒಳಗಿನ ಮಡಿಕೆ ಎಂದು ತೀರ್ಮಾನಿಸಿ, ಚಾಕು ಎತ್ತಿಕೊಂಡಿದ್ದೆ.

"ಏನು ಹೇಳ್ತೀಯಾ? ಸ್ಕ್ರ್ಯಾಚ್ ತಾನೆ?" ಎಂದರು ಸಾರ್.

"ಗೊತ್ತಿಲ್ಲ ಸಾರ್."

"ಇಪ್ಪತ್ತು ವರ್ಷದಿಂದ ಇದೇ ಕೆಲಸ ಅಂತೀಯ. ಸ್ಕ್ರ್ಯಾಚ್ ಗೊತ್ತಾಗಲ್ವಾ?"

"ನೆಗೆಟಿವ್ ಮೇಲಿನ ಸ್ಕ್ರ್ಯಾಚ್ ಗೊತ್ತಾಗುತ್ತೆ. ಇದು ನೆಗೆಟಿವ್‌ದೋ ಕಬ್ಬಿಣದ್ದೋ ನಂಗೆ ಗೊತ್ತಾಗ್ತಿಲ್ಲ. ಗೊತ್ತಿಲ್ದೆ ಕೈ ಹಾಕಲ್ಲ."

ನನ್ನ ಬಾಯಿಂದ ಗೊತ್ತಿಲ್ಲ ಎಂಬ ಮಾತು ಕೆಲಸದ ಜಾಗದಲ್ಲಿ ಅದಕ್ಕೆ ಮುಂಚೆ ಬಂದದ್ದು ನೆನಪಿಲ್ಲ. ಗೊತ್ತಿಲ್ಲದ್ದು ಇರಲಿಲ್ಲ ಎಂದಲ್ಲ, ಹೇಳುತ್ತಿರಲಿಲ್ಲ. ಓದಿದವರು ಗೊತ್ತಿಲ್ಲ ಎಂದರೆ ವಿನಯ, ನನ್ನಂಥವನು ಅಂದರೆ ಅಷ್ಟೇ ತಿಳಿದಿರುವುದು ಎನ್ನುತ್ತಾರೆ. ಸಾರ್ ಏನನ್ನೋ ಹೇಳಲು ಹೊರಟರು. ಮೇಡಂ ತಡೆದರು.

"ಇರ್ಲಿ ಬಿಡ್ರೀ ಸರ್. ಅವರು ಅಂದಿದ್ದನ್ನ ಕೆಳಗ ಬರೀತೀನಿ. ಈ ಗೆರಿ ಏನಂತ ಗೊತ್ತಿಲ್ಲ ಅಂತ."

"ಕಮಿಟಿ ಕೇಳುತ್ತಮ್ಮಾ."

"ಕೇಳಿದ್ರ ಹಂಗ ಹೇಳ್ತೀನ್ರೀ. ಮೊದಲಿನ ನೆಗೆಟಿವ್ ಅಳಿಸಿದ್ದೂ ಹೇಳ್ತೀನಿ."

ಸಾರ್ ಚಾಕುವನ್ನು ಮತ್ತೆ ಲಕೋಟೆಗೆ ಹಾಕಲು ನೋಡಿದರು. ಲಕೋಟೆ ಹರಿದಿತ್ತು. ಅಲ್ಲೇ ಬಿಟ್ಟುಹೋದರು.

ಸೋಮವಾರ ಕಮಿಟಿ ಕೂತಿತು. ನಾನು ಡಾರ್ಕ್‌ರೂಮಿನಲ್ಲಿ ತಟ್ಟೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಮಧ್ಯಾಹ್ನ ದಾಟಿದ ಮೇಲೆ ಮೇಡಂ ಬಂದು ಬಾಗಿಲಿಗೆ ಒರಗಿ ನಿಂತರು.

"ಏನಾಯ್ತು ಮೇಡಂ?"

"ಒಬ್ಬರು ಹಿರಿಯರು ಇದ್ರು, ಬ್ಯಾರೆ ಊರಿಂದ ಬಂದೋರು. ಅವರು ಫೋಟೋ ಕೈಯಾಗ ಹಿಡದು ಮೊದಲ ಕೇಳಿದ್ದ ಆ ಓರೆ ಗೆರಿ. ಇದೇನು ಅಂದ್ರು. ಗೊತ್ತಿಲ್ಲ ಅಂದೆ. ಯಾಕ ತಗೀಲಿಲ್ಲ, ಪ್ರಿಂಟ್‌ನ್ಯಾಗ ಮುಚ್ಚಬಹುದಿತ್ತಲ್ಲ ಅಂದ್ರು. ನಮ್ಮ ಡಾರ್ಕ್‌ರೂಮಿನ ಅಣ್ಣಾರು ಗೊತ್ತಿಲ್ಲದ್ದನ್ನ ಮುಟ್ಟಂಗಿಲ್ಲ ಅಂದೆ."

"ಆಮೇಲೆ?"

"ಆಮ್ಯಾಲೇನು, ನಿಮ್ಮ ಹಳೇ ಪ್ರತಾಪನೂ ಹೇಳಿದೆ. ಅವರು ನಕ್ಕ ನಕ್ಕರು, ಕನ್ನಡಕ ತಗದು ಕಣ್ಣು ಒರಸ್ಕೊಂಡ್ರು. ಅಳಿಸಿದ್ದನ್ನೂ ಹೇಳ್ತೀರಿ, ಗೊತ್ತಿಲ್ಲದ್ದನ್ನೂ ಹೇಳ್ತೀರಿ, ಹಂಗಾರ ಉಳಿದ ಗೆರಿ ನಂಬಬಹುದು ಬಿಡ್ರಿ ಅಂದ್ರು. ಇದ ವಿಷಯ ಮುಂದುವರಸ್ರಿ ಅಂದಾರ."

"ಟೀ ಕುಡೀತೀರಾ ಮೇಡಂ" ಎಂದೆ. ಕ್ಯಾಂಟೀನಿನಲ್ಲಿ ಟೀ ಹಾಕುವವನಿಗೆ ಸುದ್ದಿ ಅಷ್ಟರಲ್ಲೇ ಮುಟ್ಟಿತ್ತು. "ಏನಣ್ಣಾ, ಪೌಡರ್ ಹಾಕ್ದೇ ಪಾಸಾದ್ರಂತೆ" ಎಂದ.

ಮೇಡಂ ಇನ್ನೂ ಮೂರು ವರ್ಷ ಅಲ್ಲಿದ್ದರು. ಎಷ್ಟೋ ಪೊರೆ ಮಾಡಿದರು, ಎಷ್ಟೋ ಗೋಡೆಗಳನ್ನು ನಡೆಸಿದರು. ಎಲ್ಲವನ್ನೂ ನಾನೇ ತೊಳೆದೆ. ಮಬ್ಬು ಚಿತ್ರವನ್ನು ಚೆನ್ನಾಗಿ ಪ್ರಿಂಟ್ ಹಾಕುವುದು ಸ್ಫುಟ ಚಿತ್ರಕ್ಕಿಂತ ಕಷ್ಟ, ಅದನ್ನೂ ಕಲಿತೆ. ಆ ಓರೆ ಗೆರೆ ಏನೆಂದು ಕೊನೆಗೂ ಇತ್ಯರ್ಥವಾಗಲಿಲ್ಲ, ಅಂಥದ್ದು ಮತ್ತೆ ಬರಲಿಲ್ಲ. ಡಾಕ್ಟರೇಟ್ ಆದ ದಿನ ಮೇಡಂ ಆ ಫೋಟೋದ ಒಂದು ಪ್ರತಿ ಕೇಳಿದರು. ಎರಡು ಹಾಕಿದೆ. ಒಂದನ್ನು ಕೇಳದೆ ಇಟ್ಟುಕೊಂಡೆ.

ಎರಡು ಸಾವಿರದ ಆಚೆ ಮೆಷೀನಿಗೆ ಕಂಪ್ಯೂಟರ್ ಕ್ಯಾಮೆರಾ ಬಂತು. ಡಾರ್ಕ್‌ರೂಮಿಗೆ ಕಿಟಕಿ ಒಡೆದು ಜೆರಾಕ್ಸ್ ಮೆಷೀನ್ ಇಟ್ಟರು. ನನ್ನನ್ನು ಲೋಹ ಕೊಯ್ದು ಉಜ್ಜುವ ಕಡೆಗೆ ಹಾಕಿದರು. ಅದನ್ನೂ ಚೆನ್ನಾಗಿಯೇ ಮಾಡಿದೆ. ಡಾರ್ಕ್‌ರೂಮ್ ಎಂದೇ ಕರೆಯುತ್ತಿದ್ದರು.

ಈಗ ನನಗಿರುವುದು ಕಗ್ಗದಾಸಪುರದಲ್ಲಿ ಒಂದು ಮನೆ, ಅದರ ಮೇಲೆ ಬಾಡಿಗೆಗೆ ಕೊಟ್ಟ ಎರಡು ಮನೆ. ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಓದು ಮುಗಿಸಿದವರು. ಒಂದು ಸ್ಕೂಟರ್. ಓದಲು ಒಂದು ಕನ್ನಡಕ, ದೂರಕ್ಕೆ ಒಂದು. ಹಾಲಿನ ಗೋಡೆಯ ಮೇಲೆ ಒಂದು ಫೋಟೋ. ಬಂದವರು ಒಣಗಿದ ಕೆರೆಯೇ ಎಂದು ಕೇಳುತ್ತಾರೆ. ಅದರಲ್ಲಿ ಮೇಡಂ ಗೋಡೆ ಎಂದು ಹೇಳಿದ ಗೆರೆಗಳು ಹನ್ನೊಂದು, ಏನೆಂದು ಗೊತ್ತಿಲ್ಲದ್ದು ಒಂದು.